ಟಿಕಳಿ ಹಚ್ಚಿದ ಕೀಲಿ

ಮುಂಜಾನೆಯ ಚಹಾ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಪರದೆಯ ಕೆಳಮೂಲೆಯಿಂದ ಆ ಚೌಕ ಮತ್ತೆ ಮೇಲಕ್ಕೆ ಬಂತು. ಸದ್ದಿಲ್ಲ, ಗದ್ದಲವಿಲ್ಲ. ಈ ಯಂತ್ರ ಹೊಸ ಆವೃತ್ತಿಗೆ ತಕ್ಕುದಲ್ಲ, ಹಳೆಯ ಆವೃತ್ತಿಗೆ ಇನ್ನು ಬೆಂಬಲವಿರುವುದಿಲ್ಲ, ಹೊಸ ಕಂಪ್ಯೂಟರು ಕೊಳ್ಳುವುದು ಒಳ್ಳೆಯದು ಎಂದು ಬಹಳ ಮರ್ಯಾದೆಯಿಂದ ತಿಳಿಸಿತ್ತು. ಕೆಳಗೆ ಎರಡು ಗುಂಡಿಗಳಿದ್ದವು. ಒಂದು 'ಇನ್ನಷ್ಟು ತಿಳಿಯಿರಿ', ಇನ್ನೊಂದು 'ಆಮೇಲೆ ನೆನಪಿಸಿ'. 'ಬೇಡ' ಎನ್ನುವ ಗುಂಡಿಯನ್ನು ಹುಡುಕಿದೆ, ಇರಲಿಲ್ಲ.

ನಿಮಗೂ ಇಂಥ ಚೌಕ ಬಂದಿರಬಹುದು. ನೀವು ಗಟ್ಟಿಗರು, ಪಕ್ಕಕ್ಕೆ ಸರಿಸಿ ಮುಂದೆ ಹೋಗಿರುತ್ತೀರಿ. ನಾನೋ ಹುಟ್ಟಾ ಪುಕ್ಕಲ. ನಮ್ಮ ಶಹಾಪುರದ ಸುತ್ತ ಎಲ್ಲಿ ನೋಡಿದರೂ ಕಲ್ಲು. ಫರಸಿಕಲ್ಲು ಎತ್ತುವ ಮೊದಲು ಕೆಳಗೆ ಚೇಳಿದೆ ಅಂತಲೇ ತಿಳಿ ಎಂದು ಅವ್ವ ಸಣ್ಣವನಿದ್ದಾಗ ಹೇಳಿಕೊಟ್ಟಿದ್ದಳು. ಅವಳು ಫರಸಿಗೆ ಹೇಳಿದ್ದನ್ನು ನಾನು ಇಡೀ ಜಗತ್ತಿಗೆ ಹಚ್ಚಿಕೊಂಡೆ. ಬ್ಯಾಂಕಿನಿಂದ ಫೋನು ಬಂದರೆ ಒಂದು ಹೆದರಿಕೆ, ಬಾರದಿದ್ದರೆ ಇನ್ನೊಂದು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಕಲಿಸಿದರೂ ಇನ್‌ಸ್ಪೆಕ್ಷನ್ ಎಂದರೆ ರಾತ್ರಿಯಿಡೀ ನಿದ್ದೆಗೆಡುವುದು ಕೊನೆಯವರೆಗೂ ತಪ್ಪಲಿಲ್ಲ. ಹಗ್ಗ ಕಂಡರೂ ಹಾವೆನ್ನುವ ಗಂಡ ಎಂದು ಹೆಂಡತಿ ಬೀಗರ ಮುಂದೆಯೂ ಹೇಳಿ ನಗಿಸುತ್ತಾಳೆ, ನಾನೂ ನಗುತ್ತೇನೆ. ಆದರೆ ಈ ಚೌಕದ ವಿಷಯದಲ್ಲಿ ನನ್ನ ಹೆದರಿಕೆಗೆ ಕಾರಣವಿದೆ.

ಕಾರಣ ನನ್ನ ಬೆರಳ ತುದಿಯಲ್ಲೇ ಇದೆ. ನನ್ನ ಲ್ಯಾಪ್‌ಟಾಪಿಗೆ ಬೇರೆಯದೊಂದು ದಪ್ಪ ಕೀಲಿಮಣೆ ಜೋಡಿಸಿದ್ದೇನೆ. ಒಂದು ಕಾಲಕ್ಕೆ ಬಿಳಿಯಿದ್ದದ್ದು ಈಗ ಮಜ್ಜಿಗೆ ಸಾರಿನ ಹಳದಿ ಬಣ್ಣಕ್ಕೆ ತಿರುಗಿದೆ. ಅದರ ಒಂದು ಕೀಲಿಯ ಮೇಲೆ ಕೆಂಪು ಟಿಕಳಿ ಅಂಟಿದೆ, ಹೆಣ್ಣುಮಕ್ಕಳು ಹಣೆಗೆ ಹಚ್ಚಿಕೊಳ್ಳುತ್ತಾರಲ್ಲ, ಅದೇ. ಕೀಲಿಗಳ ಸಂದಿಯಲ್ಲಿ ಎಂದೋ ಬಿದ್ದ ವಿಭೂತಿ ಗಟ್ಟಿಯಾಗಿ ಕೂತಿದೆ. ಮೂಗು ಹತ್ತಿರ ಒಯ್ದರೆ ಇನ್ನೂ ಕರ್ಪೂರದ ವಾಸನೆ ಬರುತ್ತದೆ. ಅದು ಸಗರದ ನನ್ನ ಕಾಕಾನ ಕೀಲಿಮಣೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಆದರೆ ಊರಿಗೆ ಅವನು ಗೊತ್ತಿದ್ದದ್ದು ಅಂಗಡಿಯಿಂದಲ್ಲ, ಪುರಾಣದಿಂದ. ನಮ್ಮ ಕಡೆ ಪುರಾಣ ಹೇಳಲು ಇಬ್ಬರು ಬೇಕು. ಒಬ್ಬರು ಸಾಲು ಓದಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುತ್ತಾರೆ. ಓದುವವನು ಸಂಗಯ್ಯ, ಬಿಡಿಸುವವನು ಕಾಕಾ. ಶ್ರಾವಣದಲ್ಲಿ ಗುಡಿಯಲ್ಲಿ ಶುರುವಾದದ್ದು ಕ್ರಮೇಣ ಪ್ರತಿ ಸೋಮವಾರ ಸಂಜೆ ಕಾಕಾನ ಮನೆಯ ಕಟ್ಟೆಗೆ ಬಂತು. ಎರಡು ಸಾಲಿನ ಓದಿಗೆ ಕಾಕಾನ ಅರ್ಥ ಒಮ್ಮೊಮ್ಮೆ ಅರ್ಧ ತಾಸು ನಡೆಯುತ್ತಿತ್ತು. ಶಿವ ಪಾರ್ವತಿಯರ ಜಗಳದ ನಡುವೆ ಕೆಂಭಾವಿ ಸಂತೆಯ ಬದನೆಕಾಯಿ ಬಂದು ಹೋಗುತ್ತಿತ್ತು. ಅಷ್ಟು ಹೊತ್ತೂ ಸಂಗಯ್ಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದ.

ಮೊದಲು ಸಂಗಯ್ಯ ಹೋದ. ಅದರ ಹಿಂದೆಯೇ ಕಾಕಾನ ಕಣ್ಣು ಹೋದವು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡು ಎಲ್ಲರೂ ಕೂತಿದ್ದರು. ಅದು ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕಾಕಾನಿಗೆ ಬಾಗಿಲಿನ ಬೆಳಕಷ್ಟೇ ಕಾಣುತ್ತಿತ್ತು. ಆಮೇಲೆ ಅದೂ ಹೋಯಿತು. ಅಂಗಡಿ ಮುಚ್ಚಿದ. ಕಟ್ಟೆಯ ಮೇಲೆ ಒಬ್ಬನೇ ಕೂತು, ಹಾದುಹೋಗುವವರ ಚಪ್ಪಲಿ ಸಪ್ಪಳದ ಮೇಲೆ ಹೆಸರು ಹಿಡಿದು ಕರೆಯುವುದೇ ಕೆಲಸವಾಯಿತು.

ಕಲಬುರಗಿಯಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರು ಕಲಿಸುತ್ತಾರೆಂದು ಯಾರೋ ಹೇಳಿದರು. ಕಾಕಾನನ್ನು ಒಯ್ದು ಬಿಟ್ಟುಬಂದೆವು. ನನಗೆ ಹೆದರಿಕೆ, ಅವನಿಗಿರಲಿಲ್ಲ. ತಿರುಗಿ ಬರುವಾಗ ಜೊತೆಗೊಂದು ಹಳೆಯ ಕಂಪ್ಯೂಟರು ಬಂತು. ಅದರೊಳಗೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ದನಿ ಇತ್ತು. ಗಂಡು ದನಿ, ನೆಗಡಿಯಾದವರ ಹಾಗೆ ಮೂಗಿನಲ್ಲಿ ಮಾತು, ಎಲ್ಲೆಲ್ಲೋ ಪದ ಮುರಿಯುತ್ತಿತ್ತು. ಸುರಪುರದಲ್ಲಿ ಮುದ್ರಣಾಲಯ ನಡೆಸುವ ನನ್ನ ಗೆಳೆಯನ ಹತ್ತಿರ ಪುರಾಣದ ಅಕ್ಷರ ಜೋಡಿಸಿಟ್ಟ ಫೈಲುಗಳಿದ್ದವು. ಪೆನ್‌ಡ್ರೈವಿನಲ್ಲಿ ತಂದುಕೊಟ್ಟೆ. ಯಂತ್ರ 'ಅವರು ಆಗಮಿಸಿದರು' ಎಂದು ಮೂಗಿನಲ್ಲಿ ಹೇಳಿತು. ಕಾಕಾ ಒಂದು ಕೀಲಿ ಒತ್ತಿ ಅದನ್ನು ನಿಲ್ಲಿಸಿ, "ಬಂದ್ರು ಅಂತ," ಎಂದು ನಮ್ಮ ಕಡೆ ಮುಖ ತಿರುಗಿಸಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡು ಅವನ ಹೆಂಡತಿ, ನಮ್ಮ ಚಿಗವ್ವ, ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಆ ನಿಲ್ಲಿಸುವ ಕೀಲಿ ಅವನ ಬೆರಳಿಗೆ ಮೊದಮೊದಲು ಸಿಗುತ್ತಿರಲಿಲ್ಲ. ಚಿಗವ್ವ ತನ್ನ ಹಣೆಯ ಟಿಕಳಿ ಕಿತ್ತು ಅದರ ಮೇಲೆ ಅಂಟಿಸಿದಳು. ಸವೆದು ಉದುರಿದಾಗಲೆಲ್ಲ ಹೊಸದು ಹಚ್ಚುತ್ತಿದ್ದಳು. ಕಂಪ್ಯೂಟರಿಗೆ ಕಾಕಾ ಸಂಗಯ್ಯ ಎಂದೇ ಹೆಸರಿಟ್ಟ. ತೀರಿಹೋದ ಸಂಗಯ್ಯ ಅಯ್ಯನವರ, ಅಂದರೆ ಜಂಗಮರ ಮನೆತನದವನಾದ್ದರಿಂದ ಚಿಗವ್ವ ಯಂತ್ರಕ್ಕೂ ಬಹುವಚನ ಬಿಡಲಿಲ್ಲ. ಬಂದ್ ಮಾಡಿದರೆ, ಸಂಗಯ್ಯಾರು ಮಲಗಿದರೇ ಎಂದು ವಿಚಾರಿಸುವಳು. ಸೋಮವಾರ ಮತ್ತೆ ಕಟ್ಟೆ ತುಂಬಿತು. ಕುರಿಗಳನ್ನು ಹಟ್ಟಿಗೆ ಹಾಕಿ ಕುರುಬರ ಓಣಿಯ ಹೆಣ್ಣುಮಕ್ಕಳು ಬರುವರು, ಎಲೆ ಅಡಿಕೆಯ ಚೀಲದ ಸಮೇತ ಮುದುಕರು ಬರುವರು. ಯಂತ್ರ ಒಂದು ಸಾಲು ಹೇಳುವುದು, ಟಿಕಳಿ ಒತ್ತಿದರೆ ಸುಮ್ಮನಾಗುವುದು. ಬದನೆಕಾಯಿ ಮುಗಿದು ಮತ್ತೆ ಟಿಕಳಿ ಒತ್ತುವವರೆಗೂ ಕಾಯುವುದು.

ನೋಡಿ, ಇಲ್ಲೊಂದು ಮಾತು ಹೇಳಬೇಕು. ಕಣ್ಣಿಲ್ಲದವನಿಗೆ ಪರದೆ ಯಾತಕ್ಕೆ? ಧೂಳು ಕೂಡಬಾರದೆಂದು ಚಿಗವ್ವ ಅದಕ್ಕೆ ಹಳೆಯ ಕುಬಸದ ಬಟ್ಟೆಯ ಗವಸು ಹೊಲಿದು ಹಾಕಿದ್ದಳು. ಕರೆಂಟು ಉಳಿಯಲೆಂದು ಪರದೆಯನ್ನು ಹಚ್ಚುತ್ತಲೇ ಇರಲಿಲ್ಲ. ಇಂಟರ್ನೆಟ್ಟಂತೂ ಆ ಮನೆ ಕಂಡಿರಲಿಲ್ಲ. ಹೀಗಾಗಿ ಊರ ಸುದ್ದಿ ಮುಟ್ಟದ ತೋಟದ ಮನೆಯವರ ಹಾಗೆ ಆ ಯಂತ್ರ ಸುಖವಾಗಿತ್ತು.

ಒಂದು ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನಾನೂ ಸಗರಕ್ಕೆ ಹೋಗಿದ್ದೆ. ಕೆಂಭಾವಿಯಿಂದ ಕಾಕಾನ ಮಗಳು, ಅಳಿಯ ಬಸಣ್ಣ ಬಂದಿದ್ದರು. ಬಸಣ್ಣನದು ಅರಿವೆ ಅಂಗಡಿ, ಮನುಷ್ಯ ಅಪ್ಪಟ ಒಳ್ಳೆಯವನು. ಮಾವನವರ ಕಂಪ್ಯೂಟರಿನ ಮೇಲೆ ಅವನಿಗೆ ಭಾರಿ ಅಭಿಮಾನ. ಕುಡುಗೋಲು, ಈಳಿಗೆ, ಮುಚ್ಚಿದ ಅಂಗಡಿಯ ತಕ್ಕಡಿ, ಎಲ್ಲದರ ಸಾಲಿನಲ್ಲಿ ಸಂಗಯ್ಯನನ್ನೂ ಕೂಡಿಸಿದರು. ಹಣೆಗೆ ವಿಭೂತಿ ಬಳಿದರು, ಚೆಂಡು ಹೂವಿನ ಮಾಲೆ ಹಾಕಿದರು. ಗವಸು ತೆಗೆದು ಪರದೆ ಹಚ್ಚಿದರು, ಕತ್ತಲೆ ಮುಖಕ್ಕೆ ಪೂಜೆ ಮಾಡಬಾರದಲ್ಲ! ಬಸಣ್ಣ ತನ್ನ ಫೋನಿನ ಇಂಟರ್ನೆಟ್ಟು ಜೋಡಿಸಿ ಶಿವನ ಹಾಡು ಹಚ್ಚಿದ. ಮಂಗಳಾರತಿ ಆಯಿತು. ಹಾಡು ಮುಗಿದರೂ ಫೋನು ಕಂಪ್ಯೂಟರಿನ ಪಕ್ಕದಲ್ಲೇ ಚಾರ್ಜಿಗೆ ಉಳಿಯಿತು.

ಪೂಜೆಯಾದ ಮೇಲೆ ಮರುದಿನದ ತನಕ ಪೂಜೆಗಿಟ್ಟ ಯಾವ ಹತ್ಯಾರವನ್ನೂ ಮುಟ್ಟಬಾರದು, ನಿಮಗೆ ಗೊತ್ತಿರುವುದೇ. ವರ್ಷವಿಡೀ ದುಡಿದದ್ದಕ್ಕೆ ಅವುಗಳಿಗೆ ಒಂದು ದಿನದ ಸೂಟಿ. ಕಾಯಿಪಲ್ಯೆ ಕೂಡ ಪೂಜೆಗೆ ಮೊದಲೇ ಹೆಚ್ಚಿ ಇಟ್ಟಿರುತ್ತಾರೆ. ಹೋಳಿಗೆ ಉಂಡು ನಾನು ಆ ಖೋಲಿಗೆ ಹೋದಾಗ ಪರದೆ ಪೂರ್ತಿ ನೀಲಿಯಾಗಿತ್ತು. ಬಿಳಿ ಚುಕ್ಕಿಗಳು ಗುಂಡಗೆ ತಿರುಗುತ್ತಿದ್ದವು. ಹೊಸ ಆವೃತ್ತಿ ಸಿದ್ಧವಾಗುತ್ತಿದೆ, ಬಂದ್ ಮಾಡಬೇಡಿ ಎಂದು ಬರೆದಿತ್ತು. ಯಾರನ್ನು ಕೇಳಿ ಶುರುಮಾಡಿತೋ ಗೊತ್ತಿಲ್ಲ.

ಓಡಿಹೋಗಿ ಹೇಳಿದೆ. ವೈರು ಕೀಳಲೇ ಎಂದು ಕೇಳಿದೆ. ಚಿಗವ್ವ ಎರಡೂ ಕೈ ಅಡ್ಡ ಹಿಡಿದಳು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ, "ಇವತ್ತ ಅದು ದೇವರು ಆಗ್ಯಾದ ತಮ್ಮಾ. ಪೂಜಿ ಆದ ಹತ್ಯಾರಕ್ಕ ಕೈ ಹಚ್ಚಬಾರದು. ಏನ ಮಾಡಾಕತ್ತದೋ ಮಾಡ್ಕೊಳ್ಳಲಿ ಬಿಡು," ಎಂದ. ಮುಟ್ಟಬೇಡ ಎಂದು ಕಂಪನಿಯೂ ಹೇಳುತ್ತಿತ್ತು, ಚಿಗವ್ವನೂ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕರೆಂಟು ಹೋಗಲೆಂದು ಹರಕೆ ಹೊತ್ತೆ. ವರ್ಷವಿಡೀ ಕೈಕೊಡುವ ಕರೆಂಟು ಆ ದಿನ ಮಿಸುಕಾಡಲಿಲ್ಲ.

ಮರುದಿನ ದಸರೆಯ ಮುಂಜಾನೆ ಹತ್ಯಾರಗಳನ್ನು ಎಬ್ಬಿಸುವ ಶಾಸ್ತ್ರ. ಕುಡುಗೋಲಿನಿಂದ ಒಂದು ಕಡ್ಡಿ ಕೊಯ್ಯಬೇಕು, ತಕ್ಕಡಿಯಲ್ಲಿ ಒಂದು ಹಿಡಿ ಜೋಳ ತೂಗಬೇಕು. ಕಾಕಾ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಸಂಗಯ್ಯನ ಮುಂದೆ ಕೂತ. ಪರದೆಯ ಮೇಲೆ ಹೊಸದೊಂದು ಚೆಂದದ ಚಿತ್ರ ಬಂದಿತ್ತು, ನೀಲಿ ಕೆರೆ, ಹಿಂದೆ ಹಿಮದ ಗುಡ್ಡ. ಕಾಕಾ ಕೀಲಿ ಒತ್ತಿದ. ದನಿ ಬರಲಿಲ್ಲ. ಇನ್ನೊಂದು ಒತ್ತಿದ. ಟಿಕಳಿ ಹುಡುಕಿ ಅದನ್ನೂ ಒತ್ತಿ ನೋಡಿದ. ಆಮೇಲೆ ಕತ್ತು ವಾರೆ ಮಾಡಿ ಬಹಳ ಹೊತ್ತು ಕೇಳಿಸಿಕೊಳ್ಳುತ್ತ ಕೂತ.

ನಾನು, ಚಿಗವ್ವ, ಬಸಣ್ಣ ಬಾಗಿಲಲ್ಲೇ ಇದ್ದೆವು. ಮನೆಯೊಳಗೆ ಒಂದು ಸಪ್ಪಳವಿಲ್ಲ. ಕಾಕಾನ ಎರಡೂ ಕೈ ನಿಧಾನಕ್ಕೆ ಕಿವಿಗಳ ಹತ್ತಿರ ಹೋದವು. ಕಣ್ಣು ಹೋದಾಗ ಕೂಡ ಆ ಮುಖ ಹಾಗೆ ಆಗಿರಲಿಲ್ಲ.

"ಯಾರರ ಅದೀರೇನು ಇಲ್ಲಿ?" ಎಂದ.

ನನಗೆ ಮಾತು ಹೊರಡಲಿಲ್ಲ. ಬಸಣ್ಣ ಬಾಯಿ ತೆರೆದ, ದನಿ ಬರಲಿಲ್ಲ. ಕಾಕಾ ಮತ್ತೊಮ್ಮೆ, ಇನ್ನೂ ಸಣ್ಣ ದನಿಯಲ್ಲಿ, ಅದನ್ನೇ ಕೇಳಿದ. ಆಗ ಚಿಗವ್ವನ ಕೈಯಲ್ಲಿದ್ದ ಹಿತ್ತಾಳೆ ತಂಬಿಗೆ ಜಾರಿ ಫರಸಿಯ ಮೇಲೆ ಬಿತ್ತು. ಆ ಸದ್ದಿಗೆ ಅವನು ಕೈಗಳನ್ನು ಕಿವಿಯಿಂದ ಕೆಳಗಿಳಿಸಿದ.

"ಕಿವಿ ಅದಾವ," ಎಂದ. ಟಿಕಳಿಯ ಮೇಲೆ ಬೆರಳಿಟ್ಟು, "ಹಂಗಾದ್ರ ಸಂಗಯ್ಯ ಹೋದ," ಎಂದ.

ಸಂಜೆ ಊರವರು ಬನ್ನಿ ಎಲೆ ಹಿಡಿದು ಬಂದರು, ಬಂಗಾರದ ಹಾಗೆ ಇರೋಣ ಎಂದು ಕೈಗೆ ಕೈ ಹಚ್ಚಿದರು. ಕಾಕಾ ಎಲ್ಲರಿಗೂ ಬನ್ನಿ ಕೊಟ್ಟ, ತಗೊಂಡ. ಬಂಗಾರ ಬೇಕು ನೋಡು, ಹಳೆಯದಾದರೂ ಯಾರೂ ಹೊರಗೆ ಒಗೆಯುವುದಿಲ್ಲ ಎಂದು ನನ್ನ ಕಿವಿಯಲ್ಲಿ ಅಂದ. ನಗಿಸಲಿಕ್ಕೆ ಅಂದದ್ದು, ನಾನು ನಗಲಿಲ್ಲ.

ಹಬ್ಬ ಮುಗಿದ ಮೇಲೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ನಾನೂ ಬಸಣ್ಣನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಯಾದಗಿರಿಗೆ ಒಯ್ದೆವು. ರಿಪೇರಿ ಅಂಗಡಿಯವನು ಬಿಚ್ಚಿ ನೋಡಿದ, ಮುಚ್ಚಿದ. ಸುಳ್ಳು ಹೇಳುವ ಮನುಷ್ಯನಲ್ಲ. "ಇದು ಕೆಟ್ಟಿಲ್ರಿ ಸರ. ಆ ಓದೂ ಪ್ರೋಗ್ರಾಂ ಹೊಸಾದ್ರಾಗ ನಡಿಯಂಗಿಲ್ಲ. ಅದನ್ನ ಮಾಡಿದವ್ರು ಈಗ ಇಲ್ಲ. ಹಿಂದಕ್ಕ ಹೋಗಾಕ ಬರಂಗಿಲ್ಲ," ಎಂದ. ಬಸಣ್ಣ ಹಣೆ ಬಡಿದುಕೊಂಡ. ಹಳೆಯ ಆವೃತ್ತಿಗಳಲ್ಲಿ ಕಳ್ಳರು ಹೊಗಲು ಸಂದುಗಳಿರುತ್ತವೆ, ಮಂದಿಯ ದುಡ್ಡು, ಫೋಟೋ ಕದಿಯುತ್ತಾರೆ, ಅದಕ್ಕೇ ಕಂಪನಿಯವರು ಒತ್ತಾಯ ಮಾಡಿ ಹೊಸದು ಹಾಕುತ್ತಾರೆ ಎಂದೂ ಅಂಗಡಿಯವನು ತಿಳಿಸಿ ಹೇಳಿದ. ಅದೂ ಸುಳ್ಳಲ್ಲ.

ಕೆಟ್ಟಿಲ್ಲ ಎಂಬ ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಕೆಟ್ಟ ವಸ್ತುವನ್ನು ಒಗೆಯಬಹುದು, ಸತ್ತದ್ದಕ್ಕೆ ಅಳಬಹುದು. ಗಟ್ಟಿಮುಟ್ಟಾಗಿ ಕೂತಿರುವುದನ್ನು ಇನ್ನು ನಿನ್ನ ಕೆಲಸವಿಲ್ಲ ಎಂದು ದೂರದಿಂದ ಯಾರೋ ಹೇಳಿಬಿಟ್ಟರೆ ಏನು ಮಾಡಬೇಕು? ಕುಡುಗೋಲು ಮಾಡಿಕೊಟ್ಟ ಕಮ್ಮಾರ ಕೆಲವು ವರ್ಷದ ಮೇಲೆ ನಮ್ಮ ಮನೆಗೇ ಬಂದು ಅದನ್ನು ಮೊಂಡು ಮಾಡಿ ಹೋಗುವುದಿಲ್ಲ. ಹೊಸದು ಬೇಕಾದವರು ಕೊಳ್ಳಲಿ, ಕಂಪನಿ ಬೆಳೆಯಲಿ, ನಾನು ಬೇಡವೆನ್ನುವುದಿಲ್ಲ. ಹಳೆಯದರ ಮೇಲೆ ಬದುಕು ಆತುಕೊಂಡವನನ್ನು ಒಂದು ಮಾತು ಕೇಳಬೇಕಾಗಿತ್ತು. ಕಳ್ಳರ ಸಂಗತಿಯನ್ನು ಕಾಕಾನಿಗೆ ಹೇಳಿದೆ. "ಕಳ್ಳರು ಬರ್ತಾರಂದ್ರ ಬಾಗಲಾ ಗಟ್ಟಿ ಮಾಡ್ಲಿ. ಒಳಗ ಕುಂತವನ ನಾಲಿಗಿ ಯಾಕ ಕೊಯ್ದ್ರು?" ಎಂದ.

ಬಸಣ್ಣ ಸುಮ್ಮನಿರುವವನಲ್ಲ. ಬೆಲೆಯುಳ್ಳ ಹೊಸ ಫೋನು ತಂದುಕೊಟ್ಟ. ಅದರಲ್ಲಿ ಹೆಣ್ಣು ದನಿ, ಜೇನಿನಂಥ ಕನ್ನಡ. ಚಿಗವ್ವ ಟಿಕಳಿ ಹಿಡಿದುಕೊಂಡು ಎಲ್ಲಿ ಹಚ್ಚಲಿ ಎಂದು ಆ ನುಣುಪು ಗಾಜಿನ ಮೇಲೆಲ್ಲ ಬೆರಳಾಡಿಸಿದಳು, ಜಾಗ ಸಿಗಲಿಲ್ಲ. ಕಾಕಾ ಅಳಿಯನಿಗೆ ಬೇಸರವಾಗಬಾರದೆಂದು ಕೆಲವು ದಿನ ಪ್ರಯತ್ನ ಮಾಡಿದ. ಬೆರಳು ಒಂದು ಕಡೆ ತಾಗಿದರೆ ಅದು ಇನ್ನೊಂದು ಓದುತ್ತಿತ್ತು, ನಿಲ್ಲಿಸಲು ಹೋದರೆ ಮುಂದಿನ ಅಧ್ಯಾಯಕ್ಕೆ ಜಿಗಿಯುತ್ತಿತ್ತು.

"ಭಾಳ ಛಲೋ ಓದ್ತಾಳ್ರಿ ಅಳಿಯಂದ್ರ," ಎಂದ ಕೊನೆಗೆ. "ಆದ್ರ ನನ್ನ ಕಾಯೂದಿಲ್ಲ."

ಸೋಮವಾರಗಳು ಬಂದವು. ಕಾಕಾ ನೆನಪಿನಿಂದಲೇ ಹೇಳತೊಡಗಿದ. ಒಂದು ಸಂಜೆ ನಡುವೆ ಸಾಲು ತಪ್ಪಿತು. ಮುಂದಿನದು ಬರಲಿಲ್ಲ, ಹಿಂದಿನದಕ್ಕೂ ಹೋಗಲಾಗಲಿಲ್ಲ. ಕಟ್ಟೆಯ ಮೇಲಿನವರು ಯಾರೂ ಏಳಲಿಲ್ಲ, ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಅವನ ಕೈ ಮತ್ತೆ ಕಿವಿಯ ಕಡೆ ಹೋಗುವುದನ್ನು ಕಂಡೆ. ತಡೆದುಕೊಳ್ಳಲಾಗಲಿಲ್ಲ, ಗೋಡೆಯ ಗೂಡಿನೊಳಗಿನ ಪುರಾಣದ ಪುಸ್ತಕ ತಂದು ಪಕ್ಕದಲ್ಲಿ ಕೂತು ಓದಿದೆ. ಮಂದಿಯ ಮುಂದೆ ನನ್ನ ದನಿ ನಡುಗುತ್ತದೆ, ಆ ದಿನವೂ ನಡುಗಿತು. ಕಾಕಾ ನನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿದ. ನಿಲ್ಲಿಸಿದೆ. ಅವನು ಅರ್ಥ ಬಿಡಿಸಿ ಮತ್ತೆ ತಟ್ಟಿದ ಮೇಲೆ ಮುಂದಿನ ಸಾಲಿಗೆ ಹೋದೆ. ಮುಗಿದ ಮೇಲೆ ಅವನು, "ನೀ ಸಂಗಯ್ಯನಕಿಂತ ತಪ್ಪು ಓದ್ತಿ ತಮ್ಮಾ. ಆದ್ರ ಕಾಯ್ತಿ," ಎಂದ.

ಶಹಾಪುರದಿಂದ ಸಗರಕ್ಕೆ ಎಷ್ಟು ಸೋಮವಾರ ಹೋದೆನೋ ಲೆಕ್ಕವಿಟ್ಟಿಲ್ಲ. ಕಾಕಾ ಲಿಂಗೈಕ್ಯನಾಗುವ ತನಕ ಹೋದೆ. ಆಮೇಲೆ ಚಿಗವ್ವ ಕೀಲಿಮಣೆಯನ್ನು ನನ್ನ ಕೈಗೆ ಕೊಟ್ಟಳು. ಕೊಡುವ ಮೊದಲು ಹೊಸ ಟಿಕಳಿ ಹಚ್ಚಿದ್ದಳು. ತನ್ನ ಹಣೆಗೆ ಆಗ ಅವಳು ಹಚ್ಚಿಕೊಳ್ಳುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಈ ಚೌಕಕ್ಕೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಮೊನ್ನೆ ಚಶ್ಮಾ ಬದಲಿಸಲು ಹೋದಾಗ ಡಾಕ್ಟರಮ್ಮ ನನ್ನ ಕಣ್ಣಿಗೆ ದೀಪ ಹಿಡಿದು, ಮನೆತನದಲ್ಲಿ ಯಾರಿಗಾದರೂ ದೃಷ್ಟಿ ಹೋಗಿತ್ತೇ ಎಂದು ಕೇಳಿದರು. ಕಾಕಾನ ಹೆಸರು ಹೇಳಿದೆ. ಅವರು ಏನೋ ಬರೆದುಕೊಂಡರು. ಒತ್ತಡ ಏರಿದೆ, ಅಂಚಿನ ನೋಟ ಸ್ವಲ್ಪ ಹೋಗಿದೆ, ಕಣ್ಣಿಗೆ ಹಾಕುವ ಹನಿ ತಪ್ಪಿಸಬೇಡಿ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು. ಅಂದಿನಿಂದ ಮುಂಜಾನೆ ಕಣ್ಣು ಮುಚ್ಚಿಕೊಂಡು ಈ ಕೀಲಿಮಣೆಯ ರೂಢಿ ಮಾಡುತ್ತಿದ್ದೇನೆ. ಕಾಕಾ ಇದ್ದಾಗ ಸಿಗದಿದ್ದ ಅದೇ ಮೂಗಿನ ದನಿಯ ಪ್ರೋಗ್ರಾಮನ್ನು ಮುದ್ರಣಾಲಯದ ಗೆಳೆಯ ಎಲ್ಲಿಂದಲೋ ಹುಡುಕಿಕೊಟ್ಟ. ಅದು ನಡೆಯುವುದು ನನ್ನ ಈ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಹೆಂಡತಿಗೆ ಹನಿಯ ವಿಷಯ ಹೇಳಿದ್ದೇನೆ, ರೂಢಿಯ ವಿಷಯ ಹೇಳಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ಭಯ.

ಚೌಕ ಬಂದದ್ದು ಅಂಥ ಹೊತ್ತಿನಲ್ಲಿ. 'ಆಮೇಲೆ ನೆನಪಿಸಿ' ಒತ್ತಿದೆ, ಅದು ಕೆಳಗಿಳಿಯಿತು. ಕಣ್ಣು ಮುಚ್ಚಿದೆ. ಬೆರಳಿಗೆ ಟಿಕಳಿ ಸಿಕ್ಕಿತು. ಒತ್ತಿದೆ.

ದನಿ ಬರಲಿಲ್ಲ.

ಮತ್ತೆ ಒತ್ತಿದೆ. ಇಲ್ಲ. ಕಣ್ಣು ತೆರೆದರೆ ಕಾರಣ ಕಾಣುತ್ತದೆ, ಆ ಚೌಕವೇ ಮತ್ತೆ ಎದ್ದು ಅಡ್ಡ ನಿಂತಿರುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಕಣ್ಣು ತೆರೆಯಲಾಗಲಿಲ್ಲ. ಮುಂದೊಂದು ದಿನ ತೆರೆದರೂ ಇಷ್ಟೇ ಕತ್ತಲೆ ಇದ್ದರೆ? ಹೊರಗೆ ಬಸ್ಸಿಲ್ಲ, ಒಳಗೆ ಪಾತ್ರೆಯ ಸಪ್ಪಳವಿಲ್ಲ. ದಸರೆಯ ಆ ಮುಂಜಾನೆ ಕಾಕಾ ಕೂತ ಜಾಗ ಇದೇ ಎಂದು ಆಗ ಗೊತ್ತಾಯಿತು. ನಾವು ಮೂವರು ಬಾಗಿಲಲ್ಲಿ ನಿಂತು ನೋಡಿದ್ದು ಬರೀ ಹೊರಗಿನಿಂದ.

"ಯಾರರ ಅದೀರೇನು ಇಲ್ಲಿ?" ಎಂದೆ. ಬಂದದ್ದು ಕಾಕಾನ ದನಿಯೇ.

"ಅದೀನಿ," ಎಂದಳು ಹೆಂಡತಿ ಅಡುಗೆಮನೆಯಿಂದ. "ಏನಾತ್ರಿ?"

ಇಲ್ಲಿ ಬಂದು ಪರದೆಯ ಮೇಲಿನ ಪುರಾಣ ಒಂದು ಪುಟ ಓದು ಎಂದೆ. ಯಾಕೆ ಎಂದು ಕೇಳಲು ಬಂದವಳು ನನ್ನ ಮುಚ್ಚಿದ ಕಣ್ಣು ಕಂಡು ಸುಮ್ಮನಾಗಿರಬೇಕು. ಸೆರಗಿಗೆ ಕೈ ಒರೆಸಿಕೊಂಡದ್ದು ಕೇಳಿಸಿತು, ಕುರ್ಚಿ ಎಳೆದದ್ದು ಕೇಳಿಸಿತು. ಚಶ್ಮಾ ಒಳಗಿದೆ, ತಪ್ಪಾದರೆ ನಗಬೇಡಿ ಎಂದಳು. ಆಮೇಲೆ, ಶಾಲೆ ಬಿಟ್ಟ ಮೇಲೆ ಗಟ್ಟಿಯಾಗಿ ಎಂದೂ ಓದಿರದ ದನಿಯಲ್ಲಿ, ಪದಕ್ಕೆ ಪದ ಕೂಡಿಸಿ ಒಂದು ಸಾಲು ಓದಿದಳು. ನಾನು ಅವಳ ಮೊಣಕಾಲು ಹುಡುಕಿ ಬೆರಳಿನಿಂದ ತಟ್ಟಿದೆ.

ನಿಲ್ಲಿಸಿದಳು. ಇದೇನೆಂದು ಕೇಳಲಿಲ್ಲ. ನಾನು ಮತ್ತೆ ತಟ್ಟುವ ತನಕ ಕಾದಳು.